ಕುರಿಹಟ್ಟಿ, ಲಾಟೀನು, ಗೋದಲಿ: ಮಕ್ಕಳ ಆಟದಲ್ಲಿ ದೇವರ ಮಾತು

ಮೊದಲು ಪಾಠ, ಆಮೇಲೆ ಆಟ ಎಂಬ ಕಟ್ಟಳೆಯಲ್ಲಿ ಬೆಳೆದವರು ನಾವು. ಮಂಗಳೂರಿನ ಬಲ್ಮಠದ ಸುತ್ತಮುತ್ತಲಿನ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆ) ಪರಂಪರೆಯ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸಂಡೇ ಸ್ಕೂಲ್ ಎಂದರೆ ಬೆಂಚು, ಹಾಜರಿ ಪುಸ್ತಕ, ಕಂಠಪಾಠದ ವಚನ, ವರ್ಷದ ಕೊನೆಗೆ ಪರೀಕ್ಷೆ ಮತ್ತು ಬಹುಮಾನ. ಉದ್ಯೋಗದ ನಿಮಿತ್ತ ನಾನೀಗ ನೆಲೆಸಿರುವ ಜರ್ಮನಿಯ ಸ್ಟುಟ್‌ಗಾರ್ಟ್ ಆ ಪರಂಪರೆಗೆ ಹೊರಗಿನ ಊರೇನೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನ ಅನೇಕ ಪಾದ್ರಿಗಳು ಹೊರಟದ್ದು ಈ ವ್ಯೂರ್ಟೆಂಬರ್ಗ್ ಸೀಮೆಯಿಂದಲೇ. ಮಲಯಾಳ ನಿಘಂಟಿನ ಗುಂಡರ್ಟ್ ಹುಟ್ಟಿದ್ದು ಇದೇ ಸ್ಟುಟ್‌ಗಾರ್ಟ್‌ನಲ್ಲಿ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ಇಲ್ಲಿಗೆ ಸಮೀಪದ ಬ್ರಾಕೆನ್‌ಹೈಮ್‌ನವರು. ಅವರು ನಮ್ಮಲ್ಲಿಗೆ ಹೊತ್ತು ತಂದದ್ದು ವಿಶ್ವಾಸದ ಮೂಲಪಾಠಗಳನ್ನು ಕಲಿಸುವ ಪ್ರಶ್ನೋತ್ತರದ ಪುಸ್ತಕವನ್ನು. ಅವರದೇ ನಾಡಿನ ಚಿಕ್ಕ ಮಕ್ಕಳಿಗೆ ಇಂದು ವಿಶ್ವಾಸದ ಮೊದಲ ಪರಿಚಯವಾಗುವುದು ಮಾತ್ರ ಹೆಚ್ಚಾಗಿ ಕಾಗದದ ಲಾಟೀನು, ಮರದ ಕುರಿ, ಮೇಣದಬತ್ತಿಗಳ ಮೂಲಕ. ಎರಡು ಕ್ರಮಗಳನ್ನೂ ಹತ್ತಿರದಿಂದ ಕಂಡ ಮೇಲೆ ನನಗೆ ಅನಿಸಿರುವುದು ಇಷ್ಟು: ಐದಾರು ವರ್ಷದೊಳಗಿನ ಮಗುವಿಗೆ ಆಟದ ಮೂಲಕ ವಿಶ್ವಾಸವನ್ನು ದಾಟಿಸಬಹುದು, ಆದರೆ ಆಟದ ಕೊನೆ ಹೇಗಿರಬೇಕೆಂದು ದೊಡ್ಡವರು ಮೊದಲೇ ನಿರ್ಧರಿಸಿಟ್ಟಿದ್ದರೆ ಅದು ವೇಷ ಹಾಕಿದ ಪಾಠವಾಗುತ್ತದೆ, ಮತ್ತು ಮಕ್ಕಳು ಅದನ್ನು ಬಹಳ ಬೇಗ ಪತ್ತೆಹಚ್ಚುತ್ತಾರೆ.

ನಮ್ಮ ಸಂಡೇ ಸ್ಕೂಲಿಗೆ ಶಾಲೆಯ ರೂಪ ಬಂದದ್ದಕ್ಕೆ ಕಾರಣವಿದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಆರಂಭಿಸಿದ ಭಾನುವಾರದ ಶಾಲೆ, ವಾರದ ಆರು ದಿನ ದುಡಿಯುತ್ತಿದ್ದ ಬಡ ಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಓದು ಕಲಿಸುವುದಕ್ಕಾಗಿ ಹುಟ್ಟಿದ್ದು. ಅಲ್ಲಿ ಬೆಂಚೂ ಬೇಕಿತ್ತು, ಪಾಠ ಒಪ್ಪಿಸುವುದೂ ಬೇಕಿತ್ತು. ಅದಕ್ಕೂ ಎಷ್ಟೋ ಮೊದಲು, 1529ರಲ್ಲಿ, ಜರ್ಮನಿಯ ಧರ್ಮಸುಧಾರಕ ಲೂಥರ್ ತನ್ನ ಚಿಕ್ಕ ಪ್ರಶ್ನೋತ್ತರವನ್ನು ಮನೆಯ ಯಜಮಾನ ತನ್ನ ಮನೆಮಂದಿಗೆ ಸರಳವಾಗಿ ಕಲಿಸಲೆಂದು ಬರೆದಿದ್ದರು. ಕಾಲಕ್ರಮದಲ್ಲಿ ಅದು ಮನೆಯಿಂದ ತರಗತಿಗೆ ಹೋಯಿತು. ಓದು ಕಲಿಸುವ ಹೊಣೆಯನ್ನು ವಾರದ ಶಾಲೆಗಳು ವಹಿಸಿಕೊಂಡು ಎಷ್ಟೋ ತಲೆಮಾರುಗಳಾದರೂ ನಾಲ್ಕು ವರ್ಷದ ಮಗುವನ್ನು ಭಾನುವಾರವೂ ಬೆಂಚಿನ ಮೇಲೆ ಕೂರಿಸುವ ಅಭ್ಯಾಸ ಮಾತ್ರ ಉಳಿದುಬಂದಿದೆ.

ಆಟವನ್ನು ಗಂಭೀರವಾಗಿ ಪರಿಗಣಿಸಿದ ಜರ್ಮನಿಯಲ್ಲಿಯೂ ಅದಕ್ಕೆ ಸುಲಭವಾಗಿ ಜಾಗ ಸಿಕ್ಕಿರಲಿಲ್ಲ. ಪಾದ್ರಿಯ ಮಗನಾದ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ತುರಿಂಗಿಯಾದ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳ ಆಟಕ್ಕೆಂದೇ ಒಂದು ಸಂಸ್ಥೆ ತೆರೆದು, ಕೆಲವು ವರ್ಷಗಳ ಬಳಿಕ ಅದನ್ನು ಕಿಂಡರ್‌ಗಾರ್ಟನ್ ಎಂದು ಕರೆದರು. ಚೆಂಡು, ಮರದ ಘನ, ಉರುಳೆಗಳನ್ನು ಆಡುತ್ತಾ ಮಗು ಸೃಷ್ಟಿಯ ಒಳಗಿನ ಒಂದುತನವನ್ನು, ಅದರ ಹಿಂದಿನ ದೇವರನ್ನು ತಾನೇ ಕಂಡುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಆದರೆ 1851ರಲ್ಲಿ ಆಗಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ ಇಂಥ ಶಿಶುಕೇಂದ್ರಗಳು ನಾಸ್ತಿಕತೆಯನ್ನು ಹರಡುತ್ತವೆ ಎಂದು ಆರೋಪಿಸಿ ಅವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1860ರಲ್ಲಿ. ಮಕ್ಕಳು ನಗುತ್ತಿದ್ದರೆ ಧರ್ಮ ಹಗುರವಾಗುತ್ತದೆ ಎಂದು ನಮ್ಮ ಸಭೆಯ ಕೆಲವು ಹಿರಿಯರು ಹೇಳುವಾಗ ನನಗೆ ಈ ಸರ್ಕಾರಿ ಆಜ್ಞೆ ನೆನಪಾಗುತ್ತದೆ.

ಇಲ್ಲಿನ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ್ದು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ರೋಮನ್ ಸೈನಿಕ ಈತ. ಅದಕ್ಕೆ ವಾರಗಟ್ಟಲೆ ಮೊದಲೇ ಶಿಶುಕೇಂದ್ರದಲ್ಲಿ ಮಕ್ಕಳು ಬಣ್ಣದ ಕಾಗದದ ಲಾಟೀನು ಮಾಡುತ್ತಾರೆ, ಸಂಜೆ ಕತ್ತಲಾದ ಮೇಲೆ ಅವನ್ನು ಕೋಲಿಗೆ ಸಿಕ್ಕಿಸಿಕೊಂಡು ಹಾಡುತ್ತಾ ಬೀದಿಯಲ್ಲಿ ಸಾಗುತ್ತಾರೆ, ಕೆಲವೆಡೆ ನಿಜವಾದ ಕುದುರೆಯ ಮೇಲೆ ಮಾರ್ಟಿನ್ ಮುಂದೆ ಹೋಗುತ್ತಾನೆ. ಆದರೆ ನನ್ನ ಗಮನ ಸೆಳೆದದ್ದು ಮೆರವಣಿಗೆಗಿಂತ, ಅದು ಮುಗಿದ ಎಷ್ಟೋ ದಿನಗಳ ಮೇಲೆ ಮಕ್ಕಳು ಮನೆಯಲ್ಲಿ ತಾವಾಗಿ ಆಡುವ ಆಟ. ಒಂದು ಕೆಂಪು ಟವೆಲ್ಲು ಮೇಲಂಗಿಯಾಗುತ್ತದೆ. ಮಾರ್ಟಿನ್ ಆಗಲು ಯಾರಿಗೂ ಅಷ್ಟೇನೂ ಆತುರವಿಲ್ಲ, ಎಲ್ಲರಿಗೂ ಕುದುರೆಯೇ ಆಗಬೇಕು. ಕುದುರೆಯ ಸರದಿ ತಪ್ಪಿದವರು ಭಿಕ್ಷುಕನಾಗಲು ಒಪ್ಪುತ್ತಾರೆ, ಏಕೆಂದರೆ ಟವೆಲ್ಲು ಕೊನೆಗೆ ಸೇರುವುದು ಅವನಿಗೆ. ಕೊಡುವವನ ಪುಣ್ಯವನ್ನೇ ಹೇಳಿಕೊಂಡು ಬಂದ ನಮ್ಮ ಪಾಠಗಳಲ್ಲಿ, ಪಡೆಯುವವನ ಜಾಗದಲ್ಲಿ ನಿಂತು ನೋಡುವ ಅವಕಾಶ ನನಗಂತೂ ಸಿಕ್ಕಿರಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಮೇಣದಬತ್ತಿಯ ಚಕ್ರವೂ ಹೀಗೆಯೇ ಮಕ್ಕಳಿಂದ ಹುಟ್ಟಿದ್ದು. ಹ್ಯಾಂಬುರ್ಗ್‌ನಲ್ಲಿ ಬಡ ಮಕ್ಕಳಿಗಾಗಿ ಆಶ್ರಯಧಾಮ ನಡೆಸುತ್ತಿದ್ದ ವಿಖೆರ್ನ್ ಎಂಬ ಪಾದ್ರಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಮಕ್ಕಳು ಬಿಡದೆ ಕೇಳುತ್ತಿದ್ದುದಕ್ಕೆ ಉತ್ತರವಾಗಿ, 1839ರಲ್ಲಿ ಬಂಡಿಯ ಗಾಲಿಯೊಂದರ ಮೇಲೆ ವಾರದ ದಿನಗಳಿಗೆ ಸಣ್ಣ ಬತ್ತಿಗಳನ್ನೂ ನಾಲ್ಕು ಭಾನುವಾರಗಳಿಗೆ ದೊಡ್ಡ ಬತ್ತಿಗಳನ್ನೂ ನಿಲ್ಲಿಸಿದರು. ಮಗುವಿನ ಪ್ರಶ್ನೆಯನ್ನೇ ಕ್ರಮವನ್ನಾಗಿ ಮಾಡಿದ ಈ ಜಾಣ್ಮೆ ನನಗೆ ಮೆಚ್ಚುಗೆ. ಆಗಮನ ಕಾಲದ ಇನ್ನೊಂದು ರೂಢಿ, ಅಂದರೆ ಮಗು ಒಂದು ಒಳ್ಳೆಯ ಕೆಲಸ ಮಾಡಿದಾಗಲೆಲ್ಲ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿರೂಪಕ್ಕೆ) ಒಂದು ಹುಲ್ಲುಕಡ್ಡಿ ಹಾಕಿಸುವುದು, ಅಷ್ಟು ಹಿಡಿಸುವುದಿಲ್ಲ. ಅಕ್ಕನ ಕಡ್ಡಿ ಎಷ್ಟು, ತಮ್ಮನದೆಷ್ಟು ಎಂಬ ಲೆಕ್ಕ ಎರಡೇ ದಿನದಲ್ಲಿ ಶುರುವಾಗುತ್ತದೆ.

ಆಟಕ್ಕೂ ಆರಾಧನೆಗೂ ನಡುವೆ ನಿಲ್ಲುವ ಮತ್ತೊಂದು ಪದ್ಧತಿ ಯುರೋಪಿನ ಹಲವು ಸಭೆಗಳಲ್ಲಿದೆ. ಮಾರಿಯಾ ಮಾಂಟೆಸೊರಿ ಅವರ ವಿಚಾರಗಳನ್ನು ಆಧರಿಸಿ, ಸತ್ಯವೇದ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿ ಮತ್ತು ಶಿಕ್ಷಕಿ ಜಿಯಾನ್ನಾ ಗೋಬ್ಬಿ 1954ರಲ್ಲಿ ರೋಮ್‌ನಲ್ಲಿ ಆರಂಭಿಸಿದ, ಈಗ ಮೂರು ವರ್ಷದ ಮಕ್ಕಳಿಂದಲೇ ಶುರುವಾಗುವ ಧರ್ಮಶಿಕ್ಷಣ ಅದರ ಬೇರು. ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ಅದನ್ನು ಇನ್ನಷ್ಟು ಆಟದ ಕಡೆಗೆ ಬೆಳೆಸಿದರು. ಯೇಸು ಹೇಳಿದ ಒಳ್ಳೆಯ ಕುರುಬನ ಸಾಮ್ಯವನ್ನು (ದೃಷ್ಟಾಂತಕಥೆಯನ್ನು) ಹೇಳುವಾಗ ಬಂಗಾರ ಬಣ್ಣದ ಪೆಟ್ಟಿಗೆಯೊಂದು ತೆರೆಯುತ್ತದೆ. ಹಸಿರು ಬಟ್ಟೆ ಹುಲ್ಲುಗಾವಲಾಗುತ್ತದೆ, ನೀಲಿ ತುಂಡು ನೀರಾಗುತ್ತದೆ, ಕಂದು ಪಟ್ಟಿಗಳಿಂದ ಕುರಿಹಟ್ಟಿ ಏಳುತ್ತದೆ. ಹೇಳುವವರು ಮಕ್ಕಳ ಮುಖ ನೋಡದೆ ತಮ್ಮ ಕೈಯಲ್ಲಿರುವ ಕುರಿಯನ್ನೇ ನೋಡುತ್ತಾ ಮೆಲ್ಲಗೆ ಕಥೆ ನಡೆಸುತ್ತಾರೆ. ಕಥೆ ಮುಗಿದ ಮೇಲೆ ಇದರ ನೀತಿಯೇನು ಎಂದು ಕೇಳುವುದಿಲ್ಲ. ಈ ಕುರಿಗಳಿಗೆ ಹೆಸರಿರಬಹುದೇ, ಈ ಹಟ್ಟಿ ನಿಜಕ್ಕೂ ಎಲ್ಲಿರಬಹುದು ಎಂದು ತಾವೂ ಅಚ್ಚರಿಪಡುತ್ತಾರೆ. ಬಳಿಕ ಮಗು ಇಷ್ಟಪಟ್ಟರೆ ಅದೇ ಪೆಟ್ಟಿಗೆಯನ್ನು ತೆಗೆದುಕೊಂಡು ತಾನೇ ಆಡಬಹುದು. ನಾನು ನೋಡುತ್ತಿದ್ದ ಒಂದು ಭಾನುವಾರ, ನಾಲ್ಕು ವರ್ಷದ ಹುಡುಗಿಯೊಬ್ಬಳು ಕುರಿಗಳನ್ನೆಲ್ಲ ಒಳಗೆ ಸೇರಿಸಿ, ಬಾಗಿಲು ಮುಚ್ಚುವ ಮೊದಲು ತೋಳವನ್ನೂ ಒಳಗೆ ಬಿಟ್ಟುಕೊಂಡಳು. ಹೊರಗೆ ಚಳಿ ಎಂದಳು. ಕಥೆ ಹೇಳಿದಾಕೆ ತಿದ್ದಲೂ ಇಲ್ಲ, ಹೊಗಳಲೂ ಇಲ್ಲ. ಹೌದಾ ಎಂದು ತಲೆಯಾಡಿಸಿ ಸುಮ್ಮನಾದಳು. ನಮ್ಮ ಊರಿನ ಟೀಚರಾಗಿದ್ದರೆ ತೋಳವನ್ನು ಎತ್ತಿ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು. ತೋಳದ ಗತಿ ಏನೆಂದು ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯ ಹೇಳುವುದಿಲ್ಲ ಎಂಬುದನ್ನು ಆ ದಿನ ಮನೆಗೆ ಬಂದು ನಾನೇ ತೆರೆದು ಓದಿದೆ.

ಹಾಗೆಂದು ಈ ಪದ್ಧತಿಗೆ ನಾನು ಪೂರ್ತಿ ಒಲಿದಿಲ್ಲ. ಅದರ ಸಾಮಗ್ರಿ ದುಬಾರಿ, ಹೇಳುವವರಿಗೆ ತರಬೇತಿ ಬೇಕು, ಮತ್ತು ಅಲ್ಲಿ ಗದ್ದಲಕ್ಕೆ ಆಸ್ಪದವೇ ಕಡಿಮೆ. ಮಕ್ಕಳಲ್ಲಿ ಕೂಗಾಡಿ, ಓಡಾಡಿ ಆಡುವವರೇ ಹೆಚ್ಚು. ಅವರಿಗೆ ನಮ್ಮ ಬೇಸಿಗೆ ರಜೆಯ ಬೈಬಲ್ ಶಾಲೆಯ ಅಭಿನಯ ಗೀತೆಗಳೇ ಹೆಚ್ಚು ಒಗ್ಗುತ್ತವೆ. ಅಲ್ಲದೆ, ಹಣ ಕೊಟ್ಟು ತಂದ ಕುರಿಗಿಂತ ಮಗು ತಾನೇ ಮಾಡಿದ ಕುರಿ ಮನೆಯಲ್ಲಿ ಬಹುಕಾಲ ಬಾಳುತ್ತದೆ. ಈ ವಿಷಯದಲ್ಲಿ ಕರಾವಳಿಯ ಮನೆಗಳು ಯುರೋಪಿಗೆ ಏನೂ ಕಡಿಮೆಯಿಲ್ಲ. ಸೆಪ್ಟೆಂಬರ್ 8ರಂದು ಬರುವ, ಮರಿಯಮ್ಮನ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತ್‌ಗೆ ಮುಂಚಿನ ಒಂಬತ್ತು ದಿನ ನೆರೆಯ ಕೆಥೋಲಿಕ ಮಕ್ಕಳು ಬೇಲಿಬೇಲಿ ಸುತ್ತಿ ಹೂ ಕಿತ್ತು ಬುಟ್ಟಿಯಲ್ಲಿ ಇಗರ್ಜಿಗೆ ಒಯ್ದು ಬಾಲೆ ಮರಿಯಳ ಮೂರ್ತಿಗೆ ಎರಚುತ್ತಿದ್ದರು. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಎಲ್ಲರೂ ಒಟ್ಟಿಗೆ ಕೂತು ಸೇವಿಸುತ್ತಿದ್ದರು. ನಮ್ಮ ಪ್ರೊಟೆಸ್ಟಂಟ್ ಸಭೆಗಳ ಬೆಳೆ ಹಬ್ಬದಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕೋಳಿಗಳ ಹರಾಜು ನಡೆಯುತ್ತಿತ್ತು, ಮರುದಿನ ಅಂಗಳದಲ್ಲಿ ಮಕ್ಕಳು ಗೇರುಬೀಜವಿಟ್ಟು ಅದೇ ಹರಾಜನ್ನು ಕೂಗುತ್ತಿದ್ದರು. ಡಿಸೆಂಬರಿನಲ್ಲಿ ಬಿದಿರುಕಡ್ಡಿ ಸೀಳಿ, ಮೈದಾ ಅಂಟು ಕಾಯಿಸಿ ನಕ್ಷತ್ರದ ಗೂಡುದೀಪ ಕಟ್ಟುವುದು, ಗೋದಲಿಗೆ ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸುವುದು ಎಲ್ಲವೂ ಮಕ್ಕಳ ಪಾಲಿನ ಕೆಲಸ. ಇದನ್ನೆಲ್ಲ ನಾವು ಹಬ್ಬದ ತಯಾರಿ ಎಂದೆವು, ಧರ್ಮಶಿಕ್ಷಣವೆಂದು ಎಣಿಸಲೇ ಇಲ್ಲ. ಭಾನುವಾರದ ಪರೀಕ್ಷೆಯಲ್ಲಿ ಬೆತ್ಲೆಹೇಮ್ ಎಲ್ಲಿದೆ ಎಂದು ಕೇಳಿದರೇ ಹೊರತು, ನಿನ್ನ ಗೋದಲಿಯಲ್ಲಿ ದನವನ್ನು ಶಿಶುವಿಗೆ ಅಷ್ಟು ಹತ್ತಿರ ಏಕೆ ನಿಲ್ಲಿಸಿದೆ ಎಂದು ಯಾರೂ ಕೇಳಲಿಲ್ಲ.

ಕಂಠಪಾಠವನ್ನು ನಾನು ಬಿಟ್ಟುಕೊಡುವವನಲ್ಲ. ಯೆಹೋವನು ನನಗೆ ಕುರುಬನು, ಕೊರತೆಪಡೆನು ಎಂಬ 23ನೆಯ ಕೀರ್ತನೆಯನ್ನು ಅರ್ಥ ತಿಳಿಯುವ ಮೊದಲೇ ಬಾಯಿಗೆ ಹಾಕಿಕೊಟ್ಟವರಿಗೆ ನಾನು ಕೃತಜ್ಞ. ಪರದೇಶದ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಾಗ ಕೈಗೆ ಬರುವುದು ಅದೇ. ಇಲ್ಲಿನ ಮಕ್ಕಳಿಗೆ ಲಾಟೀನು ಮಾಡಲು ಗೊತ್ತು, ಕರ್ತನ ಪ್ರಾರ್ಥನೆ ಎಷ್ಟೋ ಜನರಿಗೆ ಪೂರ್ತಿ ಬರುವುದಿಲ್ಲ. ಆಟದ ಹಬ್ಬ ಉಳಿದು ಹಬ್ಬದ ಹಿಂದಿನ ಮಾತು ಮಸುಕಾಗುವ ಅಪಾಯ ಈ ನಾಡಿನಲ್ಲಿ ಕಣ್ಣೆದುರಿಗೇ ಇದೆ. ಆದ್ದರಿಂದ ನಮ್ಮ ಮನೆಯಲ್ಲಿ ವಚನವೂ ಉಂಟು, ಆಟವೂ ಉಂಟು. ಒಂದಕ್ಕೆ ಇನ್ನೊಂದನ್ನು ಲಂಚವಾಗಿ ಕೊಡುವುದಿಲ್ಲ, ಅಷ್ಟೆ.

ಲಂಚದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ಆಟ ಬಲು ಪ್ರಬಲವಾದ ಸಾಧನ, ಹಾಗಾಗಿಯೇ ಅದನ್ನು ಬೇರೆಯವರ ಮಕ್ಕಳ ಮೇಲೆ ಅವರ ತಂದೆತಾಯಿಗೆ ತಿಳಿಯದಂತೆ ಬಳಸುವುದು ತಪ್ಪು. ಭಾರತದ ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ, ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಯ ಧಾರ್ಮಿಕ ಬೋಧನೆಗೆ ಅಪ್ರಾಪ್ತ ಮಗು ಹಾಜರಾಗಲೇಬೇಕೆನ್ನಲು ಪೋಷಕರ ಸಮ್ಮತಿ ಬೇಕು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಧರ್ಮಪಾಠ ಸರ್ಕಾರಿ ಶಾಲೆಗಳಲ್ಲೇ ಉಂಟು, ಮಗು ಅದಕ್ಕೆ ಕೂರಬೇಕೋ ಬೇಡವೋ ಎಂಬುದು ಹೆತ್ತವರ ತೀರ್ಮಾನ. 1921ರ ಕಾಯಿದೆಯಂತೆ 14 ತುಂಬಿದ ಮೇಲೆ ಆ ತೀರ್ಮಾನ ಮಗುವಿನದೇ. ಸಭೆಗಳು ನಡೆಸುವ ಶಿಶುಕೇಂದ್ರಗಳಿಗೆ ಮುಸ್ಲಿಂ ಮಕ್ಕಳೂ ಬರುತ್ತಾರೆ, ಲಾಟೀನು ಹಿಡಿದು ನಡೆಯುತ್ತಾರೆ. ಆದರೆ ಏನು ಆಚರಿಸುತ್ತೇವೆ, ಯಾವ ಕಥೆ ಹೇಳುತ್ತೇವೆ ಎಂಬುದನ್ನು ಮೊದಲೇ ಮನೆಯವರಿಗೆ ತಿಳಿಸುವುದು ನಾನು ಕಂಡ ಕೇಂದ್ರಗಳ ಕ್ರಮ. ನಮ್ಮಲ್ಲಿ ಬೇಸಿಗೆ ಶಾಲೆಗೆ ಓಣಿಯ ಮಕ್ಕಳೆಲ್ಲ ಸೇರುವುದು ಸಂತೋಷದ ಸಂಗತಿಯೇ. ಅವರ ಅಮ್ಮಂದಿರ ಹತ್ತಿರ ಹೋಗಿ, ಇಲ್ಲಿ ಯೇಸುವಿನ ಕಥೆ ಹೇಳುತ್ತೇವೆ ಎಂದು ಮುಖಾಮುಖಿ ತಿಳಿಸಿದರೆ ಆ ಸಂತೋಷಕ್ಕೇನೂ ಕುಂದಿಲ್ಲ.

ಸ್ಟುಟ್‌ಗಾರ್ಟ್‌ನ ಸುತ್ತ ಇರುವ ಕನ್ನಡ, ತುಳು ಮಾತಿನ ಕ್ರೈಸ್ತ ಮನೆಗಳವರು ಸೇರಿದಾಗ ನಾನು ಸೂಚಿಸಿರುವುದು ದೊಡ್ಡ ಯೋಜನೆಯೇನೂ ಅಲ್ಲ. ಕಳೆದುಹೋದ ನಾಣ್ಯದ ಸಾಮ್ಯಕ್ಕೆ ದೀಪ ಆರಿಸಿ ಟಾರ್ಚು ಹಿಡಿದು ಒಂದು ಸೆಂಟ್ ನಾಣ್ಯವನ್ನು ಹುಡುಕುವ ಆಟವಾಡಬಹುದು, ದೊಡ್ಡವರೂ ಮೊಣಕಾಲೂರಿ ಹುಡುಕಬೇಕು, ಸಿಕ್ಕಿದ ಮೇಲೆ ಲೂಕನ 15ನೆಯ ಅಧ್ಯಾಯದ ಹೆಂಗಸಿನಂತೆ ನೆರೆಯವರನ್ನು ಕರೆದು ಸಂಭ್ರಮಿಸಲು ಒಂದಿಷ್ಟು ತಿಂಡಿ ಇಟ್ಟಿರಬೇಕು. ಶರತ್ಕಾಲದಲ್ಲಿ ಇಲ್ಲಿನ ಮಕ್ಕಳು ರಸ್ತೆಬದಿಯ ಚೆಸ್ಟ್‌ನಟ್ ಕಾಯಿಗೆ ಬೆಂಕಿಕಡ್ಡಿ ಚುಚ್ಚಿ ಪ್ರಾಣಿಗಳನ್ನು ಮಾಡುತ್ತಾರೆ; ಆ ಕುರಿಗಳನ್ನೇ ಎತ್ತಿಟ್ಟು ಡಿಸೆಂಬರಿನ ಗೋದಲಿಗೆ ಬಳಸಬಹುದು, ಯಾವುದು ಎಲ್ಲಿ ನಿಲ್ಲಬೇಕೆಂಬ ತೀರ್ಮಾನ ಮಕ್ಕಳದು. ಹುಲ್ಲಿಗೆ ಜರ್ಮನ್ನರಂತೆ ಪಾಚಿ ತರುವ ಬದಲು ಏಷ್ಯನ್ ಅಂಗಡಿಯ ಇಡೀ ರಾಗಿಯನ್ನು ಒದ್ದೆ ಹತ್ತಿಯ ಮೇಲೆ ಚೆಲ್ಲಿ, ಹೀಟರಿಗೆ ತೀರಾ ಹತ್ತಿರವಲ್ಲದ ಕಿಟಕಿಯಲ್ಲಿ ಇಡಬಹುದು. ಊರಿಗಿಂತ ಇಲ್ಲಿ ಮೊಳಕೆ ನಿಧಾನ, ಆದ್ದರಿಂದ ಹಬ್ಬಕ್ಕೆ ಎರಡು ವಾರ ಮೊದಲೇ ಬಿತ್ತುವುದು ಒಳ್ಳೆಯದು, ನೀರು ಹಾಕುವ ಸರದಿಯನ್ನು ಮನೆಯಲ್ಲಿ ಅತಿ ಚಿಕ್ಕವರಿಂದ ಆರಂಭಿಸಬೇಕು.