ಕಾರಿನ ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಬೇಕೇ? ಪರ-ವಿರೋಧ

ಪರ: ಮೊದಲು ಬಾಗಿಲು, ಆಮೇಲೆ ಸ್ಪೀಕರ್

ವಾರಕ್ಕೆರಡು ಸಲ ಹುಬ್ಬಳ್ಳಿಯಿಂದ ಗದಗಿಗೆ ಕಾರಿನಲ್ಲಿ ಹೋಗುತ್ತೇನೆ. ದಾರಿಯುದ್ದಕ್ಕೂ ಗಂಗೂಬಾಯಿ ಹಾನಗಲ್ ಇರಲೇಬೇಕು. ಆದರೆ ಆ ಗಡಸು, ತುಂಬು ದನಿ ನನ್ನ ಕಾರಿನಲ್ಲಿ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ತಬಲಾದ ಡಗ್ಗಾದ ಮೇಲೆ ಕೈ ಬಿದ್ದಾಗಲೆಲ್ಲ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಖಡ್ ಖಡ್ ಅನ್ನುತ್ತಿತ್ತು. ದುಡ್ಡು ಕೂಡಿಸಿ ಹೊಸ ಸ್ಪೀಕರ್ ಹಾಕಿಸಿದೆ. ಆ ಖಡ್ ಖಡ್ ಇನ್ನೂ ಜಾಸ್ತಿ ಆಯ್ತು!

ತಪ್ಪು ಸ್ಪೀಕರಿನದಲ್ಲ. ಕಾರಿನಲ್ಲಿ ಬಾಗಿಲೇ ಸ್ಪೀಕರಿನ ಪೆಟ್ಟಿಗೆ. ಮನೆಯ ಸ್ಪೀಕರಿಗೆ ದಪ್ಪ ಮರದ ಪೆಟ್ಟಿಗೆ ಇರುತ್ತದೆ, ಅಲ್ವಾ? ಇಲ್ಲಿರುವುದು ಒಂದು ಮಿಲಿಮೀಟರಿಗಿಂತ ತೆಳ್ಳನೆಯ ತಗಡು. ಒಳಮೈ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳು, ಅವುಗಳ ಮೇಲೊಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಆ ಹಿಂದಿನ ಅಲೆ ತೂತುಗಳಿಂದ ನುಸುಳಿ ಬಂದು ಮುಂದಿನ ಅಲೆಯನ್ನು ತಿಂದುಹಾಕುತ್ತದೆ. ಬೇಸ್, ಅಂದರೆ ತಗ್ಗು ಸ್ವರದ ದನಿ, ಸಾಯುವುದು ಅಲ್ಲೇ.

ಇದಕ್ಕೆ ಮದ್ದು ಡ್ಯಾಂಪಿಂಗ್ ಶೀಟ್, ಅಂದರೆ ನಡುಕ ತಗ್ಗಿಸುವ ಹಾಳೆ. ಅದರಲ್ಲಿ ಬ್ಯುಟೈಲ್ ಶೀಟ್ ಅಂದರೆ ಅಂಟಂಟಾದ ರಬ್ಬರಿನ ಪದರ, ಅದರ ಬೆನ್ನಿಗೆ ಅಲ್ಯೂಮಿನಿಯಂ ಹಾಳೆ. ತಗಡು ನಡುಗಿದರೆ ನಡುವಿನ ರಬ್ಬರು ಎಳೆದಾಡಿ ಆ ನಡುಕವನ್ನು ಶಾಖವಾಗಿಸಿ ಮುಗಿಸುತ್ತದೆ. ಹೊರ ತಗಡಿನ ಕಾಲು ಭಾಗಕ್ಕೆ ಹಚ್ಚಿ, ರೋಲರ್‌ನಿಂದ ಒತ್ತಿದರೂ ಸಾಕು. ಒಳ ತಗಡಿನ ತೂತುಗಳನ್ನು ಮಾತ್ರ ಪೂರ್ತಿ ಮುಚ್ಚಬೇಕು. ಅಗ್ಗದ ಡಾಂಬರು ಶೀಟ್ ಬೇಡವೇ ಬೇಡ, ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತದೆ. ಹಚ್ಚಿದ ಮೇಲೆ ಬೆರಳಿನಿಂದ ಬಡಿದು ನೋಡಿ. ಠಣ್ ಅನ್ನುತ್ತಿದ್ದ ಬಾಗಿಲು ಧಪ್ ಅನ್ನುತ್ತದೆ.

ಶೀಟ್ ಹಚ್ಚಿದರೆ ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ ಅಂತ ಹೆದರಿಸುವವರಿದ್ದಾರೆ. ಅಷ್ಟು ಹೆದರಿಕೆ ಇದ್ದವರು ಮಳೆಗಾಲದಲ್ಲಿ ಕಾರನ್ನೇ ಹೊರಗೆ ತೆಗೆಯಬಾರದು. ನನಗಂತೂ ಈಗ ಅಣ್ಣಿಗೇರಿ ದಾಟುವಾಗ ತಂಬೂರಿಯ ಖರಜದ ತಂತಿ ಬೇರೆಯಾಗಿಯೇ ಕೇಳಿಸುತ್ತದೆ. ಸ್ಪೀಕರಿಗೆ ಸುರಿಯುವ ದುಡ್ಡನ್ನು ಮೊದಲು ಬಾಗಿಲಿಗೆ ಹಾಕಿ.

ವಿರೋಧ: ನೀರಿಗೆ ದಾರಿ ಬೇಕು

ವಿರೋಧ ಬರೆಯುವ ಪಾಳಿ ನನ್ನದು. ಶೀಟ್ ಹಚ್ಚಿದರೆ ಹಾಡು ಚೆನ್ನಾಗಿ ಕೇಳುತ್ತದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಖರ್ಚಿದೆ, ಬಾಗಿಲಿನ ತೂಕ ಹೆಚ್ಚುತ್ತದೆ. ಟಯರಿನ ಸದ್ದು ಬಹಳಷ್ಟು ಬರುವುದು ನೆಲದಿಂದ, ಚಕ್ರದ ಗೂಡಿನಿಂದ. ಬಾಗಿಲಿಗೆ ಹಚ್ಚಿದರೆ ಅದು ನಿಲ್ಲದು.

ನನ್ನ ಚಿಂತೆ ಬೇರೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ನಾಲ್ಕೂ ಬಾಗಿಲಿಗೆ ಹಚ್ಚಿಸಿದೆ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅಂಗಡಿಯ ಹುಡುಗ ಅವನ್ನೂ ಮುಚ್ಚಿಬಿಟ್ಟಿದ್ದ. ಜೂನ್‌ನಲ್ಲಿ ಅಪ್ಪನನ್ನು ಹಾವೇರಿಗೆ ಕರೆದುಕೊಂಡು ಹೊರಟಿದ್ದೆ. ತಿರುವಿನಲ್ಲಿ ಅಪ್ಪ, "ಬಾಗಿಲಾಗ ನೀರಿನ ಸಪ್ಪಳ ಬರಾಕತ್ತೇತಲ್ಲೋ" ಅಂದರು. ಹಾಡು ಬಂದ್ ಮಾಡಿದೆ. ಹೌದು, ಕುಲುಕು ಕುಲುಕು ಅನ್ನುತ್ತಿತ್ತು.

ಮನೆಗೆ ಬಂದು ಪ್ಯಾಡ್ ಬಿಚ್ಚಿದರೆ ನಾಲ್ಕು ಬೆರಳು ನೀರು. ತಳದ ಅಂಚಿಗೆ ಆಗಲೇ ತುಕ್ಕು ಹತ್ತಿತ್ತು. ಬ್ಯುಟೈಲ್ ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಮೂರು ಕ್ಲಿಪ್ ಮುರಿದವು. ತೂತು ಬಿಟ್ಟು ಹಚ್ಚಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ, ನಿಜ. ಆದರೆ ಹಚ್ಚಿ ಪ್ಯಾಡ್ ಮುಚ್ಚಿದ ಮೇಲೆ ಒಳಗೇನಾಗಿದೆ ಎಂದು ನಮಗೆ ಕಾಣುವುದಿಲ್ಲವಲ್ಲ.

ಈಗಲೂ ಮಳೆ ಬಂದ ಮರುದಿನ ಅಪ್ಪ ಬಾಗಿಲು ಅಲ್ಲಾಡಿಸಿ, ಕಿವಿಗೊಟ್ಟು ಕೇಳಿಯೇ ಕಾರು ಹತ್ತುತ್ತಾರೆ.