ಹಾರುಬೂದಿಯ ಮೇಲಿನ ಅಪವಾದ

ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ನುಣುಪು ಬೂದಿ, ಬೆರೆಸಿದ ಕಾಂಕ್ರೀಟು ಬಲ ಅಳೆಯುವ ವಾಡಿಕೆಯ 28ನೆಯ ದಿನ ಕಡಿಮೆ ಬಲ ತೋರಿತು, ಆದ್ದರಿಂದ ಅದು ಕಳಪೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ತೀರ್ಪು ಕೊಟ್ಟಿದ್ದಾರೆ. ಇದು ಅವಸರವಾಯಿತು. ಸಿಮೆಂಟು ನೀರಿನೊಡನೆ ಕೂಡಿದಾಗ ಒಂದಿಷ್ಟು ಸುಣ್ಣ ಹೊರಬರುತ್ತದೆ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದುಕೊಂಡು ಹೊಸ ಅಂಟನ್ನು ಕಟ್ಟುತ್ತದೆ, ಆದರೆ ನಿಧಾನವಾಗಿ. 56 ಅಥವಾ 90ನೆಯ ದಿನ ಅದೇ ಕಾಂಕ್ರೀಟಿನ ಇನ್ನೊಂದು ಪರೀಕ್ಷಾ ಅಚ್ಚನ್ನು ಒಡೆದು ನೋಡಿದರೆ ಲೆಕ್ಕ ಬೇರೆಯೇ ಇರುತ್ತದೆ. ರಂಧ್ರಗಳು ಮುಚ್ಚಿಕೊಳ್ಳುವುದರಿಂದ ನೀರು ಇಳಿಯುವುದೂ ಕಡಿಮೆ.

ನಿಜವಾದ ತೊಂದರೆ ನೀರುಣಿಸುವುದರಲ್ಲಿದೆ. ಬೂದಿಯಂಥದ್ದನ್ನು ಸೇರಿಸಿದ ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಇರಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ನಮ್ಮ ಮನೆಯ ತಾರಸಿಗೆ ಮೇಸ್ತ್ರಿ ಐದನೆಯ ದಿನವೇ ನೀರು ನಿಲ್ಲಿಸಿದ್ದರು, ಕೇಳಿದರೆ ‘ಗಟ್ಟಿಯಾಗಿದೆಯಲ್ಲ ಸಾರ್’ ಎಂದರು! ಉಳಿದ ದಿನ ಗೋಣಿಚೀಲ ಹಾಸಿ ನೀರು ಚಿಮುಕಿಸಿದ್ದು ನಾನು ಮತ್ತು ನನ್ನ ಹೆಂಡತಿ.

ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಕುಲುಮೆಕಿಟ್ಟವನ್ನೂ (ಅದಿರು ಕರಗಿಸಿ ಕಬ್ಬಿಣ ತೆಗೆದಾಗ ಉಳಿಯುವ ಸ್ಲ್ಯಾಗ್) ಲೇಖಕರು ಬೂದಿಯ ಜೊತೆಗೇ ಸೇರಿಸಿ ಬೈದಿದ್ದಾರೆ. ಅದರ ಗುಣವೇ ಬೇರೆ. ಕಾದ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ ನುಣ್ಣಗೆ ಅರೆದರೆ ಅದು ತಾನೇ ಅರೆಸಿಮೆಂಟು. ಲೇಖಕರ ಬಳಿ 90 ದಿನದ ಅಂಕಿಗಳಿದ್ದರೆ ದಯವಿಟ್ಟು ಪ್ರಕಟಿಸಲಿ.