ದೊಡ್ಡ ಬಾಯಿಯ ಮೊದಲ ದಿನ

ಜೂನ್ 15ರ ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಶಾಲೆಯ ವರಾಂಡದಲ್ಲಿ ನಾನೂ ಮಾಮಾನೂ ಒಂದು ಹಿಡಿಸೂಡಿಗಾಗಿ ಜಗ್ಗಾಡುತ್ತಿದ್ದೆವು. ನಾನು ಆ ಶಾಲೆಯ ಹೆಡ್. ಅದೂ ಅವತ್ತಿನಿಂದಲೇ. ಮಾಮಾ ಅಂದರೆ ಸೋದರಮಾವ ಅಲ್ಲ, ಶಾಲೆಯ ಶಿಪಾಯಿ. ಮುಂಬೈಯ ಶಾಲೆಗಳಲ್ಲಿ ಶಿಪಾಯಿ ಎಲ್ಲರಿಗೂ ಮಾಮಾ, ಆಯಾ ಎಲ್ಲರಿಗೂ ಮಾವ್ಶಿ. ಟೀಚರ್ ಹೆಂಗಸಾದರೆ ಬಾಯಿ, ಹೆಡ್ ಹೆಂಗಸಾದರೆ ಮೋಠ್ಯಾ ಬಾಯಿ. ನಮ್ಮದು ಕನ್ನಡ ಮಾಧ್ಯಮದ ಶಾಲೆಯಲ್ವಾ, ಮಕ್ಕಳು ಅದನ್ನು ಶ್ರದ್ಧೆಯಿಂದ ಕನ್ನಡಕ್ಕೆ ತಂದು 'ದೊಡ್ಡ ಬಾಯಿ' ಮಾಡಿಕೊಂಡಿದ್ದಾರೆ. ಹೆಸರು ಸರಿಯಾಗಿಯೇ ಇದೆ ಅಂತ ನನ್ನ ಗಂಡನ ಅಭಿಪ್ರಾಯ.

"ಬಿಡ್ರಿ ಬಾಯಾರ, ಯಾರರ ನೋಡಿದ್ರ ಏನಂದಾರು?" ಅಂದರು ಮಾಮಾ. ಅವರು ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವರು. ಮನೆಯಲ್ಲಿ ಕನ್ನಡ, ಕಾಗದದಲ್ಲಿ ಮರಾಠಿ.

"ಏನೂ ಅನ್ನಲ್ಲ ಮಾಮಾ. ನಾಯಕ ಅಂದ್ರೆ ಮೊದಲು ಸೇವಕ."

ಮಾಮಾ ಜೋರಾಗಿ ಒಮ್ಮೆ ಎಳೆದರು. ಹಿಡಿ ಅವರ ಕೈಗೆ ಹೋಯಿತು. ಕಡ್ಡಿಗಳು ನನ್ನ ಕೈಯಲ್ಲಿ ಉಳಿದವು.

ಈ ಸೇವೆಯ ಹುಚ್ಚು ಹತ್ತಿದ್ದು ಮೇ ತಿಂಗಳಲ್ಲಿ. ಹೊಸದಾಗಿ ಹೆಡ್ ಆಗುವವರಿಗೆಲ್ಲ ಒಂದು ತರಬೇತಿ ಇತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಮುಂಬೈಯ ಮೇ ತಿಂಗಳು ಅಂದರೆ ಗೊತ್ತಲ್ಲ, ಕೂತಲ್ಲೇ ಬೇಯುವುದು. ಅಂಥದರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಎಂಬ ಅಮೆರಿಕದವರ ಬಗ್ಗೆ ಹೇಳಿದರು. ಅವರು ಸುಮಾರು 40 ವರ್ಷ ಟೆಲಿಫೋನ್ ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಆಮೇಲೆ 1970ರಲ್ಲಿ ಕೂತು ಬರೆದರಂತೆ: ದೊಡ್ಡ ಕುರ್ಚಿಯಲ್ಲಿ ಕೂತವನಿಗೆ ಮೊದಲು ಸೇವೆ ಮಾಡುವ ಮನಸ್ಸಿರಬೇಕು, ಮುಂದಾಳುತನ ಆಮೇಲೆ. ನಿವೃತ್ತರಾದ ಮೇಲೆ ಬರೆದರು ಅನ್ನುವುದನ್ನು ನಾನು ಆಗಲೇ ಗಮನಿಸಬೇಕಿತ್ತು.

ಪರದೆಯ ಮೇಲೆ ತಲೆಕೆಳಗಾದ ಒಂದು ತ್ರಿಕೋನ ತೋರಿಸಿದರು. ಮೇಲೆ ಅಗಲವಾಗಿ ಮಕ್ಕಳು, ನಡುವೆ ಶಿಕ್ಷಕರು, ಕೆಳಗೆ ಚೂಪಾದ ಮೂಲೆಯಲ್ಲಿ ಹೆಡ್. ಪಕ್ಕದಲ್ಲಿ ಕೂತಿದ್ದ ಮರಾಠಿ ಶಾಲೆಯ ಹೆಡ್ ಸರ್ ಅದನ್ನೇ ದಿಟ್ಟಿಸಿ ನೋಡಿದರು. ಹದಿನೈದು ವರ್ಷದಿಂದ ತಾನು ಅಲ್ಲೇ ಇದ್ದೇನೆ ಅಂತ ನಿಟ್ಟುಸಿರು ಬಿಟ್ಟರು.

ರಾತ್ರಿ ಡೊಂಬಿವಲಿಯ ಮನೆಗೆ ಬಂದು ನನ್ನ ಮಾವನಿಗೆ ಇದನ್ನೆಲ್ಲ ವಿವರಿಸಿದೆ. ಮನೆಯಲ್ಲಿ ಮಾವ, ಶಾಲೆಯಲ್ಲಿ ಮಾಮಾ, ನನ್ನನ್ನು ತಿದ್ದಲು ಎರಡೂ ಕಡೆ ಜನ ಇದ್ದಾರೆ. ಮಾವ ಕುಂದಾಪುರದಿಂದ ಹುಡುಗನಾಗಿದ್ದಾಗ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಗಲ್ಲಾದಲ್ ಕೂಕಂಡ ಧಣಿ ಟೇಬಲ್ ಒರ್ಸುಕೆ ಹೊರಟ್ರೆ, ಒರ್ಸು ಮಾಣಿ ಸಂಜಿ ಬಸ್ಸಿಗೆ ಊರಿಗ್ ಹೋಪ್ದೇ ಸೈ."

"ಯಾಕೆ ಮಾವ?"

"ಕೆಲ್ಸ ಹೋಯ್ತ್ ಅಂದ್ಕಂಡ್."

ಹಳೇ ಕಾಲದವರು ಅಂತ ನಾನು ನಕ್ಕುಬಿಟ್ಟೆ.

ಹಿಡಿಸೂಡಿ ಹೋದರೆ ಹೋಗಲಿ ಅಂತ ಗೇಟಿಗೆ ನಡೆದೆ. ಶಾಲೆ ಶುರುವಾಗುವ ದಿನ ನಮ್ಮಲ್ಲಿ ಪ್ರವೇಶೋತ್ಸವ. ಮಕ್ಕಳಿಗೆ ಹೂವು ಕೊಟ್ಟು, ಬಾಲಭಾರತಿಯ ಹೊಸ ಪುಸ್ತಕ ಕೊಟ್ಟು ಒಳಗೆ ಕರೆಯಬೇಕು. ಬಾಲಭಾರತಿ ಅಂದರೆ ಪುಣೆಯಲ್ಲಿ 1967ರಿಂದ ಇರುವ ರಾಜ್ಯದ ಪಠ್ಯಪುಸ್ತಕ ಮಂಡಳಿ, ನಮ್ಮ ಕನ್ನಡ ಪುಸ್ತಕಗಳೂ ಅಲ್ಲಿಂದಲೇ ಬರುವುದು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಗೆ ಮಳೆ ಬರುವ ದಿನ ಜೂನ್ 11. ಶಾಲೆ 15ಕ್ಕೆ. ಅಂದರೆ ಮಳೆ ನಾಲ್ಕು ದಿನ ಮೊದಲೇ ಬಂದು ಜಾಗ ಹಿಡಿದುಕೊಂಡಿರುತ್ತದೆ. ಹಾಗಾಗಿ ನಮ್ಮ ಪ್ರವೇಶೋತ್ಸವದ ಫೋಟೋಗಳಲ್ಲಿ ಯಾವ ವರ್ಷವೂ ಮಕ್ಕಳ ಮುಖ ಕಾಣುವುದಿಲ್ಲ, ಕೊಡೆ ಕಾಣುತ್ತದೆ.

ತರಬೇತಿಯಲ್ಲಿ ಒಂದು ಮಾತು ಹೇಳಿದ್ದರು. ಚಿಕ್ಕ ಮಗುವಿನ ಜೊತೆ ಮಾತಾಡುವಾಗ ಮಂಡಿಯೂರಿ, ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಅಂತ. ಒಂದನೇ ಕ್ಲಾಸಿನ ಒಬ್ಬ ಹುಡುಗ ಅಪ್ಪನ ಕೈಹಿಡಿದು ಬಂದ. ಅಪ್ಪ ಯಾದಗಿರಿ ಕಡೆಯವರು, ಕಟ್ಟಡದ ಕೆಲಸ. ನಾನು ಒದ್ದೆ ನೆಲದಲ್ಲಿ ಮಂಡಿಯೂರಿ ಗುಲಾಬಿ ಚಾಚಿದೆ. ಹುಡುಗ ಹೂವನ್ನು ತಿರುಗಿಸಿ ನೋಡಿದ, ಮೂಸಿದ.

"ಇದು ತಿನ್ನಾಕ ಬರ್ತದೇನ್ರಿ?"

"ಇಲ್ಲ ಪುಟ್ಟಾ."

"ಮತ್ತ್ಯಾಕ?"

ಈ ಪ್ರಶ್ನೆಗೆ ತರಬೇತಿಯ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಏಳೋಣ ಅಂತ ಹೊರಟೆ. ಬಲಗಾಲಿನ ಮಂಡಿ ಕಟ್ ಅಂತು. ಎಡಗಾಲು ಬಲಗಾಲಿನ ಪಕ್ಷ ವಹಿಸಿತು. ಹಿಂದೆ ಮೂವತ್ತು ಮಕ್ಕಳ ಸಾಲು, ಮುಂದೆ ಮಂಡಿಯೂರಿದ ದೊಡ್ಡ ಬಾಯಿ. ಮೂರನೇ ಕ್ಲಾಸಿನ ಒಬ್ಬಳು ಇದೇ ಹೊಸ ಪದ್ಧತಿ ಇರಬೇಕು ಅಂದುಕೊಂಡು ನನ್ನೆದುರು ತಾನೂ ಮಂಡಿಯೂರಿದಳು. ಅವಳ ಹಿಂದಿನವಳೂ ಊರಿದಳು. ಕಡೆಗೆ ಆ ಯಾದಗಿರಿಯ ಹುಡುಗನೇ ಗುಲಾಬಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ನನ್ನ ಕೈ ಹಿಡಿದು ಎಳೆದ. ಅವನಪ್ಪ ಇನ್ನೊಂದು ಕಡೆಯಿಂದ, "ಏಳ್ರಿ ಅಕ್ಕಾರ, ಹೌದು, ಹಾಂಗ," ಅಂತ ಸಿಮೆಂಟ್ ಚೀಲ ಎತ್ತುವ ಲೆಕ್ಕದಲ್ಲಿ ಎತ್ತಿದರು. ಮೊದಲ ದಿನ ಅಳದೆ ಒಳಗೆ ಹೋದ ಒಂದನೇ ಕ್ಲಾಸಿನ ಮಗು ಅದೊಂದೇ. ಅವನಿಗೆ ಆಗಲೇ ಶಾಲೆಯ ಜವಾಬ್ದಾರಿ ಬಂದುಬಿಟ್ಟಿತ್ತು.

ಚಹಾದ ಕತೆ ಚಿಕ್ಕದು. ಸ್ಟಾಫ್ ರೂಮಿಗೆ ನಾನೇ ಟ್ರೇ ಹಿಡಿದು ಹೋದೆ. ಎಲ್ಲರೂ ಎದ್ದು ನಿಂತರು. ಕೂತ್ಕೊಳ್ಳಿ ಅಂದೆ. ನೀವು ಕೂತ್ಕೊಳ್ಳಿ ಅಂದರು. ಇವತ್ತು ನಾನು ಕೂರಲ್ಲ ಅಂದೆ. ಒಂಬತ್ತು ಲೋಟಗಳ ಮೇಲೆ ಕೆನೆ ಕಟ್ಟಿತು.

ಆದರೆ ನಿಜವಾದ ಅನಾಹುತ ಕವರಿನದು.

ಜೊತೆಯವರಲ್ಲಿ ದಿನಕ್ಕೊಬ್ಬರನ್ನಾದರೂ ಮೆಚ್ಚಿ, ಸಾಧ್ಯವಾದರೆ ಬರೆದು ಕೊಡಿ ಅಂತಲೂ ತರಬೇತಿಯಲ್ಲಿ ಹೇಳಿದ್ದರು. ನಾನು ದಿನಕ್ಕೊಬ್ಬರು ಅಂತ ಕಾಯುವವಳಲ್ಲ. ಎರಡು ರಾತ್ರಿ ಕೂತು ಒಂಬತ್ತು ಜನರಿಗೂ ಕೈಯಾರೆ ಬರೆದೆ. ಗಣಿತದ ಬಾಯಿ ಬೋರ್ಡಿನ ಮೇಲೆ ಎಳೆಯುವ ವೃತ್ತ ಕೈವಾರವನ್ನೇ ನಾಚಿಸುತ್ತದೆ ಅಂತ. ಪಿ.ಟಿ. ಸರ್ ಇಲ್ಲದಿದ್ದರೆ ಹೋದ ವರ್ಷ ಕ್ರೀಡಾದಿನವೇ ಇರುತ್ತಿರಲಿಲ್ಲ ಅಂತ. ಸುಮ್ನೆ ಹೊಗಳಿಕೆಯಲ್ಲ, ನೋಡಿಯೇ ಬರೆದದ್ದು. ಹಾಕಿ ಕೊಡಲು ಚಂದದ ಲಕೋಟೆ ಬೇಕಿತ್ತು. ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಇದ್ದದ್ದು ಎರಡೇ ಬಗೆ: ಒಂದು ರೂಪಾಯಿ ನಾಣ್ಯ ಅಂಟಿಸಿದ ಮದುವೆ ಕವರು, ಇನ್ನೊಂದು ಉದ್ದನೆಯ ಖಾಕಿ. ಖಾಕಿ ತಂದೆ.

ಅದನ್ನು ಹಂಚಲು ಕ್ಲರ್ಕಿಗೆ ಕೊಟ್ಟದ್ದು ಎರಡನೇ ತಪ್ಪು. ನಮ್ಮ ಕ್ಲರ್ಕ್ ಕೈಯಿಂದ ಒಂದು ಕಾಗದವೂ ಜಾವಕ್ ನಂಬರ್, ಅಂದರೆ ಹೊರಹೋಗುವ ಕಾಗದದ ದಾಖಲೆ ಸಂಖ್ಯೆ, ಇಲ್ಲದೆ ದಾಟುವುದಿಲ್ಲ.

"ವಿಷಯದ ಕಾಲಮ್‌ನಲ್ಲಿ ಏನು ಬರೀಲಿ ಮೇಡಂ?"

"ಏನಿಲ್ಲಪ್ಪ, ಪ್ರೋತ್ಸಾಹ."

ಅವರಿಗೆ ಅಂಥ ವಿಷಯದ ಪರಿಚಯ ಇರಲಿಲ್ಲ. ಸ್ವಲ್ಪ ಯೋಚಿಸಿ 'ಗೋಪನೀಯ' ಅಂತ ಬರೆದುಕೊಂಡರು. ಪ್ರತಿ ಲಕೋಟೆಯ ಮೇಲೆ ಶಾಲೆಯ ದುಂಡು ಸಿಕ್ಕಾ ಹೊಡೆದರು. ಕ್ಲಾಸಿನಿಂದ ಕ್ಲಾಸಿಗೆ ಹೋಗಿ, ತಾರೀಕು ಸಮೇತ ಸಹಿ ಪಡೆದು ಕೊಟ್ಟು ಬಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಮಕ್ಕಳ ಪಟ, ಅಂದರೆ ದಾಖಲಾತಿ ಸಂಖ್ಯೆ, ಇಳಿದರೆ ಶಿಕ್ಷಕರು ಸರ್‌ಪ್ಲಸ್. ಆಮೇಲೆ ಯಾವ ಶಾಲೆಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ಮುಂಬೈಯ ಹೋಟೆಲಿನವರ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ನನ್ನ ಮಗಳೂ ಹೋದಳು, ಮುಚ್ಚಿಡುವುದೇನು ಬಂತು. ಈಗ ನಮ್ಮ ಬೆಂಚು ತುಂಬಿಸುವುದು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕೂಲಿಗೆ ಬಂದವರ ಮಕ್ಕಳು. ಕೆಲಸ ಮುಗಿದರೆ ಅವರೂ ಊರಿಗೆ. ಹಾಗಾಗಿ ನಮ್ಮಲ್ಲಿ ಜೂನ್ ತಿಂಗಳಲ್ಲಿ ಸಿಕ್ಕಾ ಹೊಡೆದ ಖಾಕಿ ಲಕೋಟೆ ಬಂದರೆ, ಒಳಗೆ ಏನಿದೆ ಅಂತ ಯಾರೂ ಎರಡು ಸಲ ಯೋಚಿಸುವುದಿಲ್ಲ.

ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ನಾನೂ ಇಪ್ಪತ್ತು ವರ್ಷ ಅದೇ ಸ್ಟಾಫ್ ರೂಮಿನಲ್ಲಿ ಕೂತವಳೇ. ಕುರ್ಚಿ ಬದಲಾದ ಒಂದೇ ದಿನಕ್ಕೆ ಮರೆವು.

ಹತ್ತೂವರೆಗೆ ಶಾಲೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಆಹಾ, ಪ್ರೋತ್ಸಾಹದ ಫಲ ಅಂದುಕೊಂಡೆ. ಆಮೇಲೆ ಮಾವ್ಶಿ ಓಡಿ ಬಂದರು. ಗಣಿತದ ಬಾಯಿ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಡೆಯದೆ ಕೂತಿದ್ದಾರಂತೆ, ಬಿ.ಪಿ. ಮಾತ್ರೆ ನುಂಗಿದ್ದಾರಂತೆ. ಪಿ.ಟಿ. ಸರ್ ಮೈದಾನದ ಮೂಲೆಯಲ್ಲಿ ಕೊಡೆ ಹಿಡಿದು ಶಿಕ್ಷಕರ ಸಂಘದವರಿಗೆ ಫೋನ್ ಮಾಡುತ್ತಿದ್ದಾರಂತೆ. ಇಬ್ಬರು ತಮ್ಮ ಲಕೋಟೆಗಳನ್ನು ಸರಸ್ವತಿ ಫೋಟೋದ ಮುಂದೆ ಇಟ್ಟು ಬಂದಿದ್ದರು. ಒಡೆದು ಓದಿದ್ದು ಕನ್ನಡದ ಸರ್ ಒಬ್ಬರೇ. ಅವರು ನನ್ನ ಕೋಣೆಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟರು. ಎರಡು ಕಡೆ ಕೆಂಪು ಗೆರೆ. 'ಹಾರ್ಧಿಕ' ಅಲ್ಲ, ಹಾರ್ದಿಕ. 'ಅಭಾರಿ' ಅಲ್ಲ, ಆಭಾರಿ. ಕೆಳಗೆ ಸಹಿ.

"ಭಾವನೆ ಚೆನ್ನಾಗಿದೆ ಮೇಡಂ," ಅಂದು ಹೋದರು.

ಒಬ್ಬೊಬ್ಬರ ಹತ್ತಿರ ಹೋಗಿ ನಾನೇ ಲಕೋಟೆ ಒಡೆದು ಓದಿ ಹೇಳಬೇಕಾಯಿತು. ಗಣಿತದ ಬಾಯಿ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಆರ್ಡರು ಇದರ ಹಿಂದಿನ ಪುಟದಲ್ಲಿದೆಯಾ?" ಅಂತ ಕಾಗದ ತಿರುಗಿಸಿ ನೋಡಿದರು.

ಅಷ್ಟರಲ್ಲಿ ಮಳೆ ಜೋರಾಯಿತು. ನಮ್ಮ ಶಾಲೆ ಇರುವುದು ಕುರ್ಲಾ-ಸಯನ್ ಕಡೆ. ಅಲ್ಲಿ ಎರಡು ಗಂಟೆ ಒಂದೇ ಸಮನೆ ಸುರಿದರೆ ರೈಲು ಹಳಿಗೂ ಗಟಾರಿಗೂ ವ್ಯತ್ಯಾಸ ಉಳಿಯುವುದಿಲ್ಲ. ನಾನು ಫೋನ್ ಹಿಡಿದು, ರಜೆ ಕೊಡುವ ಸುತ್ತೋಲೆ ಬಂತಾ ಅಂತ ಗ್ರೂಪ್‌ಗಳನ್ನು ಜಾಲಾಡುತ್ತಿದ್ದೆ. ಮಾಮಾ ಗೇಟಿನ ಪಕ್ಕದ ಗೋಡೆ ನೋಡುತ್ತಿದ್ದರು.

ಆ ಗೋಡೆಯಲ್ಲಿ ನನ್ನ ಭುಜದೆತ್ತರಕ್ಕೆ ಒಂದು ಕೆಂಪು ಗೆರೆ ಇದೆ. 2005ರ ಜುಲೈ 26ರಂದು ನೀರು ನಿಂತ ಮಟ್ಟ. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಿತ್ತು. ನಾನು ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿರಲಿಲ್ಲ. ಮನೆಗೆ ಹೋಗಲಾಗದ ಮಕ್ಕಳೆಲ್ಲ ರಾತ್ರಿ ಮೇಲಿನ ಮಹಡಿಯಲ್ಲಿ ಉಳಿದರು. ಆಗಿನ ಹೆಡ್ ಸರ್ ಪ್ಯಾಂಟು ಬಿಚ್ಚಿಟ್ಟು, ಲುಂಗಿ ಸುತ್ತಿ, ಈ ಮಾಮಾನ ಜೊತೆ ಎದೆಮಟ್ಟದ ನೀರಿನಲ್ಲಿ ಬೇಕರಿಗೆ ಹೋದರು. ಲಾದಿ ಪಾವಿನ ಹಲಗೆಯನ್ನು ತಲೆಯ ಮೇಲೆ ಹೊತ್ತು ತಂದರು. ತಂದವರೇ, ಚೂರು ನೆಲಕ್ಕೆ ಬೀಳಿಸಿದ ಹುಡುಗರಿಗೆ ಬೈದರು. ರಾತ್ರಿಯಿಡೀ ಬೆಂಚಿನ ಮೇಲೆ ಗೊರಕೆ ಹೊಡೆದರು. ಮಕ್ಕಳು ಹೆದರುವುದು ಬಿಟ್ಟು ಗೊರಕೆ ಎಣಿಸಿದರು. ಬೆಳಗ್ಗೆ ಹಾಜರಿ ಪುಸ್ತಕ ತರಿಸಿ 27ನೇ ತಾರೀಕಿಗೂ ಎಲ್ಲರ ಹಾಜರಿ ಹಾಕಿಸಿದರು. ಶಾಲೆಯಲ್ಲೇ ಇದ್ದಾರಲ್ವಾ, ಗೈರು ಹೇಗೆ?

"ಮೂರನೇ ಇಟ್ಟಂಗಿಗೆ ನೀರು ಬಂತ್ರೀ ಬಾಯಾರ," ಅಂದರು ಮಾಮಾ. "ಸಣ್ಣವರನ್ನ ಬಿಡೂದು ಚಲೋ. ನಾಕಕ್ಕ ಬಂದ್ರ ಗಲ್ಲಿ ದಾಟಾಕ ಆಗಂಗಿಲ್ಲ."

ಸುತ್ತೋಲೆ ಆಮೇಲೆ ನೋಡಿಕೊಂಡರಾಯಿತು ಅಂತ ಗಂಟೆ ಹೊಡೆಸಿದೆ. ಎಲ್ಲ ಟೀಚರುಗಳೂ ಸಾಲಾಗಿ ನಿಂತು ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದೆವು. ಪಿ.ಟಿ. ಸರ್ ಹೆಗಲ ಮೇಲೆ ಇಬ್ಬರು. ಅದರ ನಡುವೆ ನನ್ನ ಎಡಗಾಲಿನ ಚಪ್ಪಲಿ ಸದ್ದಿಲ್ಲದೆ ಸಯನ್ ದಿಕ್ಕಿಗೆ ಹೊರಟುಹೋಯಿತು.

ಒಂದೂವರೆಗೆ ಎಲ್ಲ ಖಾಲಿ. ಬರಿಗಾಲಲ್ಲಿ ಬಂದು ಆಫೀಸಿನ ಕುರ್ಚಿಯಲ್ಲಿ ಕುಸಿದೆ. ಮಾಮಾ ಒಳಗೆ ಬಂದರು. ಕೈಯಲ್ಲಿ ಪೇಢೆಯ ಪೊಟ್ಟಣ.

ಆಗ ನನಗೆ ಎದೆ ಧಸಕ್ಕೆಂದಿತು. ಒಂಬತ್ತು ಜನರಿಗೆ ಬರೆದಿದ್ದೆ. ಮಾಮಾನಿಗೆ ಬರೆದೇ ಇರಲಿಲ್ಲ. ಮಾವ್ಶಿಗೂ ಇಲ್ಲ, ಕ್ಲರ್ಕಿಗೂ ಇಲ್ಲ. ಪರದೆಯ ಮೇಲಿನ ತ್ರಿಕೋನದಲ್ಲಿ ಅವರು ಇರಲೇ ಇಲ್ಲವಲ್ಲ.

"ಮಾಮಾ, ಪೇಢೆ ಏನು ಖುಷಿಗೆ?"

"ಎಲ್ಲರಿಗೂ ಕವರ್ ಬಂತ್ರಿ, ನನಗ ಬರಲಿಲ್ಲ," ಅಂದರು. ಮುಖ ಅರಳಿತ್ತು. "ಮುಂಜಾನಿ ನೀವು ಝಾಡೂ ಕಸಗೊಂಡ್ರಲ್ಲಾ, ನನ್ನ ಕೆಲಸ ಹೋತು ಅಂತನ ತಿಳದಿದ್ನಿ. ದೇವರು ದೊಡ್ಡಾಂವ."

ನನ್ನ ಪರ್ಸಿನಲ್ಲಿ ಇನ್ನೂ ಮೂರು ಖಾಕಿ ಲಕೋಟೆ ಉಳಿದಿದ್ದವು. ಅದನ್ನು ಇನ್ನಷ್ಟು ಒಳಗೆ ತಳ್ಳಿ ಜಿಪ್ ಎಳೆದೆ. ಪೇಢೆ ಒಂದು ತಿಂದೆ, ಇನ್ನೊಂದು ಕೊಟ್ಟರು, ಅದನ್ನೂ ತಿಂದೆ.

ನೀರು ನಿಧಾನಕ್ಕೆ ಹೊಸ್ತಿಲು ದಾಟಿ ಆಫೀಸಿನ ಒಳಗೆ ಬರುತ್ತಿತ್ತು. ನಾನು ವೈಪರ್ ಕಡೆ ಕೈ ಚಾಚಿದೆ. ಮಾಮಾ ನನಗಿಂತ ಮೊದಲು ಅದನ್ನು ಹಿಡಿದಿದ್ದರು.

"ಕಾಲ ಮ್ಯಾಲ ತಗೋರಿ ಬಾಯಾರ."

ಎರಡೂ ಕಾಲು ಮೇಲೆತ್ತಿ ಕೂತೆ.